ಹಳೆ ಪುಸ್ತಕಕ್ಕೆ ಗುಳೇದಗುಡ್ಡದ ಖಣ: ಸೂಟಿಯಲ್ಲಿ ಮಾಡಿದ ಬೈಂಡಿಂಗ್ ಕೆಲಸ

ಮಾವನವರ ಟ್ರಂಕಿನಲ್ಲಿದ್ದ ಕನ್ನಡ ಪುಸ್ತಕಗಳಲ್ಲಿ ಬಹಳಷ್ಟರ ಹಾಳೆ ಇನ್ನೂ ಗಟ್ಟಿಯಾಗಿದೆ. ಕೆಟ್ಟಿರುವುದು ಬೆನ್ನು. ರಟ್ಟು ಕಳಚಿದೆ, ಹೊಲಿಗೆಯ ದಾರ ಮುಟ್ಟಿದರೆ ಪುಡಿಯಾಗುತ್ತದೆ, ಪಿನ್ ಹೊಡೆದ ಕಡೆ ತುಕ್ಕು ಹಿಡಿದು ಕಂದು ಕಲೆ ಬಿದ್ದಿದೆ. ತೆರೆದರೆ ಹಾಳೆ ಉದುರುತ್ತದೆ ಎಂಬ ಭಯಕ್ಕೆ ಮನೆಯಲ್ಲಿ ಯಾರೂ ಅವನ್ನು ಓದುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಧಾರವಾಡದ ಶಾಲೆಗಳಿಗೆ ಸೂಟಿ ಬಿಟ್ಟ ಮೇಲೆ ಮಗಳು ಮತ್ತು ಅಕ್ಕನ ಮಗ, ಇಬ್ಬರನ್ನೂ ಕೂರಿಸಿಕೊಂಡು ಪುಸ್ತಕಗಳನ್ನು ಬಿಚ್ಚಿದೆ. ಮತ್ತೆ ಹೊಲಿದು, ಹೊಸ ರಟ್ಟು ಕಟ್ಟಿ, ಅದಕ್ಕೆ ಗುಳೇದಗುಡ್ಡದಲ್ಲಿ ನೇಯುವ ಕುಪ್ಪಸದ ಬಟ್ಟೆ ಖಣವನ್ನು ಹೊದಿಸಿದೆವು. ಮಾಡಿದ್ದನ್ನು ಬೇರೆಯವರೂ ಮಾಡಬಹುದು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸಕ್ಕೆ ಒಂದೇ ಕಟ್ಟಳೆ ಇಟ್ಟುಕೊಂಡೆವು. ಇವತ್ತು ನಾವು ಹಾಕಿದ ಹೊಲಿಗೆ, ಅಂಟು ಎರಡನ್ನೂ ಮುಂದೆ ಯಾರಾದರೂ ಹಾಳೆಗೆ ನೋವಾಗದಂತೆ ಬಿಚ್ಚಲು ಬರಬೇಕು. ಫೆವಿಕಾಲ್ ಒಣಗಿದ ಮೇಲೆ ನೀರಿಗೆ ಸುಲಭವಾಗಿ ಬಿಡುವುದಿಲ್ಲ. ಸೆಲೋಟೇಪ್ ಕೆಲವೇ ವರ್ಷಕ್ಕೆ ಹಳದಿಯಾಗಿ, ಅದರ ಅಂಟು ಹಾಳೆಯೊಳಗೇ ಇಳಿಯುತ್ತದೆ. ಟೇಪ್ ಉದುರಿದರೂ ಕಲೆ ಉಳಿಯುತ್ತದೆ. ಹಾಗಾಗಿ ಎರಡನ್ನೂ ದೂರ ಇಟ್ಟೆವು. ಮೈದಾ ಅಂಟು ಹಾಗಲ್ಲ, ಒದ್ದೆ ಬಟ್ಟೆ ಇಟ್ಟರೆ ಸಡಿಲಾಗುತ್ತದೆ.

ವಿಂಗಡಣೆ

ಮೊದಲು ಮಾಡಬೇಕಾದ್ದು ಮೂಲೆ ಪರೀಕ್ಷೆ. ಒಳಗಿನ ಒಂದು ಹಾಳೆಯ ಕೆಳಮೂಲೆಯನ್ನು ಕಡಲೆಕಾಳಿನಷ್ಟು ಮಡಿಚಿ ಬಿಡಿಸಿ ನೋಡಬೇಕು. ಆ ಕಡೆ ಈ ಕಡೆ ಮಡಿಚಿದರೂ ತಡೆದರೆ ಆ ಪುಸ್ತಕಕ್ಕೆ ಹೊಲಿಗೆ ಹಾಕಬಹುದು. ಹಪ್ಪಳದಂತೆ ಪಟ್ ಎಂದು ಮುರಿದರೆ ಹಾಕಬಾರದು. ಅಗ್ಗದ ಕಾಗದದಲ್ಲಿ ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಶ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗುತ್ತಾ ಅದು ಹಳದಿಯಾಗುತ್ತದೆ, ಕಾಗದದಲ್ಲಿ ಆಮ್ಲ ಹೆಚ್ಚಿ ನಾರು ತುಂಡಾಗುತ್ತಾ ಹೋಗುತ್ತದೆ. ಅಂಥ ಹಾಳೆಗೆ ಸೂಜಿ ಚುಚ್ಚಿದರೆ ತೂತಿನ ಸಾಲಿನಲ್ಲೇ ಅದು ಹರಿಯುತ್ತದೆ. ಹಾಗೆ ಮುರಿಯುವ ಪುಸ್ತಕಗಳಿಗೆ ನಾವು ಹೊಲಿಗೆ ಹಾಕದೆ ಅಳತೆಗೆ ತಕ್ಕ ರಟ್ಟಿನ ಪೆಟ್ಟಿಗೆ ಮಾಡಿ ಮಲಗಿಸಿಟ್ಟೆವು.

ಟ್ರಂಕಿನಲ್ಲಿ ಮನೋಹರ ಗ್ರಂಥಮಾಲೆಯ ಹಳೆ ಪುಸ್ತಕಗಳೂ ಇದ್ದವು. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಈ ಸಂಸ್ಥೆ ಚಂದಾ ಕಟ್ಟಿದವರಿಗೆ ಪುಸ್ತಕ ಕಳಿಸುತ್ತಿತ್ತು. ಈ ಭಾಗದ ಎಷ್ಟೋ ಮನೆಗಳ ಕಪಾಟು ತುಂಬಿದ್ದು ಹಾಗೇ. ಸುಭಾಸ ರಸ್ತೆಯಲ್ಲಿರುವ ಅದರ ಅಟ್ಟ, ಅಲ್ಲಿ ಸಾಹಿತಿಗಳು ಕೂತು ಮಾತಾಡುತ್ತಿದ್ದದ್ದು ಧಾರವಾಡದಲ್ಲಿ ಎಲ್ಲರಿಗೂ ಗೊತ್ತು. ಮಕ್ಕಳಿಗೆ ಮಾತ್ರ ಗೊತ್ತಿರಲಿಲ್ಲ. ಒಂದು ಸಂಜೆ ರಟ್ಟು ಕೊಳ್ಳಲು ಪೇಟೆಗೆ ಹೋದಾಗ ಆ ಬೀದಿಯಲ್ಲಿ ನಡೆಸಿಕೊಂಡು ಬಂದೆ.

ಬಿಚ್ಚುವುದು, ಓದುವುದು

ಪುಸ್ತಕ ಅಂದರೆ ಬಿಡಿ ಹಾಳೆಗಳ ಕಟ್ಟು ಎಂದು ಮಕ್ಕಳು ತಿಳಿದಿದ್ದರು. ಹೊಲಿಗೆಯ ಪುಸ್ತಕ ಹಾಗಿರುವುದಿಲ್ಲ. ದೊಡ್ಡ ಹಾಳೆಯ ಎರಡೂ ಬದಿಗೆ ಮುದ್ರಿಸಿ, ಮೂರು ಸಲ ಮಡಿಚಿದರೆ 8 ಎಲೆ, ಅಂದರೆ 16 ಪುಟ. ಪ್ರೆಸ್ಸಿನವರು ಇದನ್ನು ಫಾರಂ ಎನ್ನುತ್ತಾರೆ. ನಾವು ಮೊದಲು ಬಿಚ್ಚಿದ ಡೆಮಿ 1/8 (ಡೆಮಿ ಎಂಬ ಮುದ್ರಣದ ಹಾಳೆಯ ಎಂಟನೇ ಒಂದು ಭಾಗ) ಅಳತೆಯ ಪುಸ್ತಕದಲ್ಲಿ 1, 17, 33, 49ನೇ ಪುಟಗಳ ಕೆಳಗೆ, ಅಂಚಿಗೆ ಹತ್ತಿಕೊಂಡು ಒಂದು ಸಣ್ಣ ಅಂಕಿ ಇತ್ತು. ಅದು ಬೈಂಡರ್‌ಗೆ ಬೇಕಾದ ಗುರುತು. ಓದುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಒಂದು ಸಲ ತೋರಿಸಿದ ಮೇಲೆ ಮನೆಯಲ್ಲಿದ್ದ ಎಲ್ಲಾ ಪುಸ್ತಕ ತೆಗೆದು ಆ ಅಂಕಿ ಹುಡುಕುವುದೇ ಇಬ್ಬರಿಗೂ ಆಟವಾಯಿತು.

ರಟ್ಟು ತೆಗೆದ ಮೇಲೆ ಬೆನ್ನಿನ ಮೇಲೆ ಹಳೆ ಸರೇಸು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು) ಗಾಜಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಅದನ್ನು ಒಣಗಿದ್ದಾಗಲೇ ಕೆರೆಯಬಾರದು, ಹಾಳೆಯ ಮಡಿಕೆ ಸಮೇತ ಎದ್ದು ಬರುತ್ತದೆ. ಬೆನ್ನಿನ ಮೇಲೆ ಮೈದಾ ಅಂಟನ್ನು ದಪ್ಪಗೆ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಇಪ್ಪತ್ತು ನಿಮಿಷ ಬಿಡಬೇಕು. ಅಂಟಿನ ನೀರು ನಿಧಾನವಾಗಿ ಸರೇಸಿಗೆ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ. ಬರೀ ನೀರು ಹಾಕಿದರೆ ಹಾಳೆಗಳ ಒಳಕ್ಕೆ ಹರಿದು ಕಲೆ ಮಾಡುತ್ತದೆ. ಮೆತ್ತಗಾದ ಮೇಲೆ ಬೆಣ್ಣೆ ಹಚ್ಚುವ ಮೊಂಡು ಚಾಕುವಿನಲ್ಲಿ ಒಂದೇ ದಿಕ್ಕಿಗೆ ಎಳೆದರೆ ಕಂದು ಲೋಳೆಯಂತೆ ಬರುತ್ತದೆ. ವಾಸನೆ ಜೋರು, ಕಿಟಕಿ ತೆಗೆದಿಡಿ. ಆಮೇಲೆ ಪ್ರತಿ ಫಾರಂನ ನಡುಹಾಳೆ ತೆರೆದು, ಹಳೆ ದಾರ ಕತ್ತರಿಸಿ, ಫಾರಂಗಳನ್ನು ಒಂದೊಂದಾಗಿ ಬಿಡಿಸಿದೆವು.

ನಾನು ಯೋಚಿಸಿರದ ಒಂದು ಸಂಗತಿ ಇಲ್ಲಿ ಆಯಿತು. ಒಂದೇ ಪುಸ್ತಕ ಹದಿನಾಲ್ಕು ಫಾರಂ ಆಗಿ ಹಾಸಿಗೆಯ ಮೇಲೆ ಒಣಗುತ್ತಿತ್ತು. ಮಗಳು ಒಂದನೇ ಫಾರಂ ಎತ್ತಿಕೊಂಡು ಓದಲು ಕೂತಳು. ಅವಳು ಎರಡಕ್ಕೆ ಹೋದಾಗ ಹುಡುಗ ಒಂದನ್ನು ಹಿಡಿದ. 16 ಪುಟ ಎಂದರೆ ಮಕ್ಕಳಿಗೆ ಹೆದರಿಕೆಯಾಗುವಷ್ಟಲ್ಲ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಹೋಗುವ ಹಾಗೂ ಇಲ್ಲ. ಊಟವಾದ ಮೇಲೆ ಫ್ಯಾನ್ ಕೆಳಗೆ ಚಾಪೆ ಹಾಸಿ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಓದಿದರು.

"ಅಕ್ಕಾ, ಲಗೂನ ಓದ. ನಂದು ಮುಗದು ಎಷ್ಟೊತ್ತಾತು" ಎಂದು ಅವನ ಕೂಗು. ಮುಂದಿನದನ್ನು ಬಾಯಿಬಿಟ್ಟು ಹೇಳಬಾರದು ಎಂದು ಅವರೇ ಕರಾರು ಮಾಡಿಕೊಂಡರು. ನಮ್ಮ ಅತ್ತೆಯವರೂ ಸೇರಿಕೊಂಡು ಮೂರನೆಯ ಓದುಗರಾದರು. ಅವರಿಗೆ ದೊಡ್ಡ ಪುಸ್ತಕ ಎತ್ತಿ ಹಿಡಿಯಲು ಕೈ ನೋಯುತ್ತದೆ, ಫಾರಂ ಹಗುರ. ಇಡೀ ಪುಸ್ತಕ ಹೊಲಿಯುವ ಮೊದಲೇ ಮೂವರೂ ಓದಿ ಮುಗಿಸಿದ್ದರು. ಹೊಲಿದ ಮೇಲೆ ಮತ್ತೆ ಓದಿದರು ಎಂಬುದು ನನಗೆ ಇನ್ನೂ ಖುಷಿ ಕೊಟ್ಟ ಮಾತು.

ಆಪೂಸ್ ಮಾವಿನಹಣ್ಣು ತಿಂದ ಕೈಯಲ್ಲಿ ಫಾರಂ ಮುಟ್ಟಬಾರದು ಎಂಬುದೊಂದೇ ನಾನು ಹಾಕಿದ ನಿಯಮ.

ಅಂಟು ಕಾಯಿಸುವುದು

ಒಂದು ಬಟ್ಟಲು ಮೈದಾಕ್ಕೆ ಐದು ಬಟ್ಟಲು ನೀರು. ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಹೊಳಪು ಬಂದಾಗ ಇಳಿಸಬೇಕು. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿದರೆ ಬ್ರಷ್‌ಗೆ ಸಿಗುವ ಗಂಟು ಉಳಿಯುವುದಿಲ್ಲ. ಹಾಳೆ ಅಂಟಿಸಲು ಇದನ್ನೇ ನೀರು ಸೇರಿಸಿ ಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಳ್ಳಬೇಕು. ರಟ್ಟಿಗೆ ದಪ್ಪ ಅಂಟೇ ಸರಿ.

ಹಳೆ ಬೈಂಡರ್‌ಗಳು ಹುಳ ಬರದಿರಲಿ ಎಂದು ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಅದು ವಿಷ. ಮಕ್ಕಳು ಕೈ ಹಾಕುವ ಅಂಟಿಗೆ ಹಾಕಲೇಬಾರದು. ನಾವು ಆಯಾ ದಿನಕ್ಕೆ ಬೇಕಾದಷ್ಟೇ ಕಾಯಿಸಿದೆವು. ಈ ಬಿಸಿಲಿಗೆ ಮರುದಿನವೇ ಹುಳಿ ವಾಸನೆ ಬರುತ್ತದೆ, ಬಂದರೆ ಚೆಲ್ಲಬೇಕು. ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ತಡೆಯುತ್ತದೆ.

ಫಾರಂಗಳ ಹೊರಗಿನ ಎಲೆ ಬೆನ್ನಿನ ಮಡಿಕೆಯಲ್ಲೇ ಹರಿದಿರುವುದು ಜಾಸ್ತಿ. ಅದಕ್ಕೆ ಕಲಾ ಸಾಮಗ್ರಿ ಅಂಗಡಿಯಲ್ಲಿ ಸಿಗುವ ತೆಳು ಕೈಕಾಗದ ತಂದೆವು. ಪಟ್ಟಿಯನ್ನು ಕತ್ತರಿಯಲ್ಲಿ ಕತ್ತರಿಸಬೇಡಿ. ನೀರಿನಲ್ಲಿ ಅದ್ದಿದ ಸಣ್ಣ ಬ್ರಷ್‌ನಿಂದ ಗೆರೆ ಎಳೆದು, ಆ ಗೆರೆಯ ಎರಡೂ ಕಡೆ ಹಿಡಿದು ನಿಧಾನ ಎಳೆದರೆ ಅಂಚಿನಲ್ಲಿ ನಾರು ಹೊರಗೆ ಚಾಚಿಕೊಂಡು ಹರಿಯುತ್ತದೆ. ಆ ನಾರು ಹಳೆ ಹಾಳೆಯ ಮೇಲೆ ಕೂತರೆ ಪಟ್ಟಿ ಎಲ್ಲಿ ಮುಗಿಯಿತು ಎಂದು ಬೆರಳಿಗೂ ತಿಳಿಯುವುದಿಲ್ಲ. ಕತ್ತರಿಸಿದ ಅಂಚಾದರೆ ಅಲ್ಲೇ ಹೊಸದಾಗಿ ಹಾಳೆ ಮುರಿಯುತ್ತದೆ. ಮಗಳ ಕೈ ಈ ಕೆಲಸಕ್ಕೆ ನನ್ನ ಕೈಗಿಂತ ಚೆನ್ನಾಗಿ ಒಗ್ಗಿತು. ಪಟ್ಟಿ ಇಟ್ಟು, ಮೇಲೆ ಹಳೆ ಕಾಟನ್ ಬಟ್ಟೆ ಒತ್ತಿ ನೀರು ಹೀರಿಸಿ, ಭಾರ ಹೇರಿ ಬಿಟ್ಟರೆ ಹಾಳೆ ಮುದುಡುವುದಿಲ್ಲ.

ತಾಳೆಗರಿ ನೋಡಲು

ಹಾಳೆಗಳು ಒಣಗುತ್ತಿದ್ದ ಒಂದು ದಿನ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಕನ್ನಡ ಸಂಶೋಧನಾ ಸಂಸ್ಥೆಗೆ ಹೋದೆವು. 1939ರಲ್ಲಿ ಹುಟ್ಟಿದ ಸಂಸ್ಥೆ ಇದು, ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಶಾಸನ, ವಿಗ್ರಹ, ತಾಳೆಗರಿಯ ಹಸ್ತಪ್ರತಿಗಳ ಸಂಗ್ರಹ ಅಲ್ಲಿದೆ. ಹುಡುಗನಿಗೆ ನಾನು ತೋರಿಸಬೇಕೆಂದಿದ್ದು ತಾಳೆಗರಿಯ ಕಟ್ಟು. ಗರಿಗೆ ತೂತು, ತೂತಿನಲ್ಲಿ ದಾರ, ಮೇಲೆ ಕೆಳಗೆ ಮರದ ಪಟ್ಟಿ. ಅಂಟೇ ಇಲ್ಲ, ಹೊಲಿಗೆಯೂ ಇಲ್ಲ. ದಾರ ಸಡಿಲಿಸಿದರೆ ಒಂದೊಂದೇ ಗರಿ ಹೊರಳಿಸಿ ಓದಬಹುದು, ಬಿಗಿದರೆ ಮುಚ್ಚಿಕೊಳ್ಳುತ್ತದೆ. ಕಂಟ ಎಂಬ ಲೋಹದ ಲೇಖನಿಯ ಮೊನೆಯಿಂದ ಗರಿಯನ್ನು ಗೀರಿ, ಆಮೇಲೆ ಮಸಿ ಸವರಿ ಒರೆಸಿದರೆ ಗೀರಿದ ಜಾಗದಲ್ಲಿ ಮಾತ್ರ ಮಸಿ ನಿಂತು ಅಕ್ಷರ ಕಾಣುತ್ತದೆ. ಮನೆಗೆ ಬಂದ ಮೇಲೆ ಅವನು ತೆಂಗಿನ ಗರಿಯ ಮೇಲೆ ದಬ್ಬಣದಿಂದ ತನ್ನ ಹೆಸರು ಗೀರಿ, ದೀಪದ ಕಪ್ಪು ಸವರಿ ನೋಡಿದ. ಅಕ್ಷರ ಬಂತು! ದುಂಡಗಿನ ಗೆರೆಗೆ ಗರಿ ಸೀಳುವುದಿಲ್ಲ, ನಾರಿನ ಉದ್ದಕ್ಕೆ ನೇರ ಗೆರೆ ಎಳೆದಾಗ ಸೀಳುತ್ತದೆ ಎಂದು ಅವನೇ ಕಂಡುಕೊಂಡ.

ಹೊಲಿಗೆ

ಸಾಮಾನು ಕೊಳ್ಳುವ ತಾಪತ್ರಯ ಇಲ್ಲಿ ಕಡಿಮೆ. ಕೌದಿ ಹೊಲಿಯುವ ಹತ್ತಿ ದಾರ, ಪರಕಾರಕ್ಕೆ ಹಾಕುವ ಹತ್ತಿ ಲಾಡಿ, ಒಂದು ಉಂಡೆ ಜೇನುಮೇಣ, ದಬ್ಬಣ, ಸೂಜಿ ಇದ್ದರೆ ಸಾಕು. ದಾರವನ್ನು ಮೇಣದ ಮೇಲೆ ಎರಡು ಸಲ ಎಳೆದರೆ ಗೋಜಲಾಗುವುದಿಲ್ಲ, ಬಿಗಿ ನಿಲ್ಲುತ್ತದೆ. ದಪ್ಪ ದಾರ ಬೇಡ. ಪ್ರತಿ ಫಾರಂಗೂ ಒಂದು ದಾರದ ದಪ್ಪ ಸೇರುತ್ತಾ ಹೋಗುವುದರಿಂದ ಹದಿನಾಲ್ಕು ಫಾರಂ ಆದಾಗ ಬೆನ್ನು ಉಬ್ಬಿ, ಪುಸ್ತಕ ಬೆಣೆಯಾಕಾರ ಆಗುತ್ತದೆ.

ಮೂರು ಲಾಡಿ. ಒಂದೊಂದರ ಅಕ್ಕಪಕ್ಕ ಒಂದೊಂದು ತೂತು, ಜೊತೆಗೆ ಮೇಲಿನ ತುದಿಯಿಂದ ಮತ್ತು ಕೆಳತುದಿಯಿಂದ ಒಂದೂವರೆ ಸೆಂಟಿಮೀಟರ್ ಒಳಗೆ ತಲಾ ಒಂದು. ಒಟ್ಟು 8 ತೂತು. ಎಲ್ಲಾ ಫಾರಂಗೂ ತೂತು ಒಂದೇ ಜಾಗದಲ್ಲಿ ಬರಬೇಕಲ್ವಾ, ಅದಕ್ಕೆ ರಟ್ಟಿನ ಪಟ್ಟಿಯ ಮೇಲೆ ಗುರುತು ಹಾಕಿ ಫಾರಂನ ನಡುಮಡಿಕೆಯಲ್ಲಿಟ್ಟು ಒಳಗಿನಿಂದ ಚುಚ್ಚಿದೆವು. ದಪ್ಪ ದೂರವಾಣಿ ಡೈರೆಕ್ಟರಿಯೊಂದನ್ನು ಅರ್ಧ ತೆರೆದಿಟ್ಟರೆ ಫಾರಂ ಕೂರಿಸಿ ಚುಚ್ಚಲು ಒಳ್ಳೆಯ ತೊಟ್ಟಿಲು.

ಹೊಲಿಯುವ ಕ್ರಮ ಕೈಗೆ ಬಂದರೆ ಬಹಳ ಸರಳ. ತುದಿಯ ತೂತಿನಿಂದ ಸೂಜಿ ಒಳಗೆ, ಲಾಡಿಯ ಒಂದು ಪಕ್ಕದಿಂದ ಹೊರಗೆ, ಲಾಡಿಯ ಮೇಲೆ ದಾಟಿ ಇನ್ನೊಂದು ಪಕ್ಕದಿಂದ ಒಳಗೆ. ಹೀಗೆ ಕೊನೆ ಮುಟ್ಟಿ ಹೊರಗೆ ಬಂದ ಮೇಲೆ ಎರಡನೆಯ ಫಾರಂ ಇಟ್ಟು ವಾಪಸ್ ಬರುವುದು. ಮೂರನೆಯ ಫಾರಂನಿಂದ ಮುಂದೆ ತುದಿಗೆ ಬಂದಾಗಲೆಲ್ಲ ಸೂಜಿಯನ್ನು ಕೆಳಗಿನ ಎರಡು ಫಾರಂಗಳ ನಡುವೆ ತೂರಿಸಿ, ಅಲ್ಲಿರುವ ದಾರವನ್ನು ಹಿಡಿದು, ಬಂದ ಕುಣಿಕೆಯಲ್ಲಿ ಹಾಯಿಸಿ ಎಳೆದರೆ ಸಣ್ಣ ಗಂಟು ಬೀಳುತ್ತದೆ. ಈ ಗಂಟೇ ಫಾರಂಗಳನ್ನು ಒಂದಕ್ಕೊಂದು ಕಟ್ಟುವುದು. ದಾರವನ್ನು ಬೆನ್ನಿನ ಉದ್ದಕ್ಕೇ ಎಳೆಯಬೇಕು, ನಮ್ಮ ಕಡೆಗೆ ಎಳೆದರೆ ಹಾಳೆ ಸೀಳುತ್ತದೆ. ಇದನ್ನು ಮಕ್ಕಳಿಗೆ ಮತ್ತೆ ಮತ್ತೆ ಹೇಳಬೇಕಾಯಿತು.

ಅಂಗಡಿಯಲ್ಲಿ ಬೈಂಡಿಂಗ್‌ಗೆ ಕೊಟ್ಟಾಗ ಎಷ್ಟೋ ಕಡೆ ಬೆನ್ನಿನ ಬದಿಗೆ ಮೇಲಿನಿಂದ ಕೆಳಕ್ಕೆ ತೂತು ಹೊಡೆದು ಅಡ್ಡ ಹೊಲಿಗೆ ಹಾಕಿಬಿಡುತ್ತಾರೆ. ಬೇಗ ಆಗುತ್ತದೆ, ಗಟ್ಟಿಯೂ ಇರುತ್ತದೆ. ಆದರೆ ಪುಸ್ತಕ ಪೂರ್ತಿ ತೆರೆಯುವುದಿಲ್ಲ, ಒಳ ಅಂಚಿನ ಅಕ್ಷರ ಹೊಲಿಗೆಯೊಳಗೆ ಹೋಗುತ್ತದೆ. ಓದುವವರು ಬಲವಂತವಾಗಿ ಅಗಲಿಸಿದಾಗ ಹಾಳೆ ಮುರಿಯುತ್ತದೆ. ಫಾರಂ ಫಾರಂ ಆಗಿ ಹೊಲಿದ ಪುಸ್ತಕ ಮೇಜಿನ ಮೇಲೆ ಹಾಗೇ ತೆರೆದುಕೊಂಡು ಮಲಗುತ್ತದೆ. ಅತ್ತೆಯವರು ಮಡಿಲಲ್ಲಿಟ್ಟುಕೊಂಡು ಹಪ್ಪಳ ಒತ್ತುತ್ತಾ ಓದಬಹುದು. ಈ ಒಂದು ಕಾರಣಕ್ಕೇ ಇಷ್ಟು ಹೊತ್ತು ಹಿಡಿಯುವ ಹೊಲಿಗೆ ಹಾಕುವುದು ಸಾರ್ಥಕ ಎಂದು ನನ್ನ ಗಟ್ಟಿ ಅಭಿಪ್ರಾಯ.

ಹೊಲಿದ ಮೇಲೆ ಬೆನ್ನಿಗೆ ಅಂಟು ಸವರಿ, ಔಷಧಿ ಅಂಗಡಿಯ ಬ್ಯಾಂಡೇಜ್ ಬಟ್ಟೆಯನ್ನು ಎರಡೂ ಬದಿಗೆ ಮೂರು ಸೆಂಟಿಮೀಟರ್ ಹೆಚ್ಚಿರುವ ಹಾಗೆ ಅಂಟಿಸಿ, ಅದರ ಮೇಲೆ ಒಂದು ಕಾಗದದ ಪಟ್ಟಿ ಕೂರಿಸಿದೆವು.

ಪಕ್ಕದ ಮನೆ ವೈನಿಯ ಕಸೂತಿ

ಗುರುತಿನ ಪಟ್ಟಿಗೆ ಏನಾದರೂ ಬೇಕಿತ್ತು. ಪಕ್ಕದ ಮನೆ ವೈನಿ ಕಸೂತಿಯಲ್ಲಿ ಪಳಗಿದ ಕೈ. ಮಗಳು ಸಂಜೆ ಹೊತ್ತು ಅವರ ಕಟ್ಟೆಯ ಮೇಲೆ ಕೂರತೊಡಗಿದಳು. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುವುದಿಲ್ಲ, ನೂಲಿನ ಎಳೆ ಎಣಿಸಿಯೇ ಸೂಜಿ ಇಡಬೇಕು. ಸಣ್ಣ ನೇಯ್ಗೆಯ ಬಟ್ಟೆಯಲ್ಲಿ ಮಕ್ಕಳಿಗೆ ಎಳೆ ಕಾಣುವುದಿಲ್ಲ, ಅದಕ್ಕೆ ಗರಗದ ಖಾದಿ ತುಂಡು ಕೊಟ್ಟೆ. ಧಾರವಾಡದ ಹತ್ತಿರದ ಗರಗ ರಾಷ್ಟ್ರಧ್ವಜದ ಖಾದಿ ನೇಯುವ ಊರು. ಆ ಬಟ್ಟೆಯ ಎಳೆ ಬಿಡಿಬಿಡಿಯಾಗಿ ಕಣ್ಣಿಗೆ ಸಿಗುತ್ತದೆ.

ಗವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಟಾಕಿ ಹಾಕುತ್ತಾ ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು. ಮುರಗಿಯೂ ಹೀಗೇ, ಮೆಟ್ಟಿಲು ಮೆಟ್ಟಿಲಾಗಿ. ಇವೆರಡರಲ್ಲಿ ಬಟ್ಟೆಯ ಮುಂಬದಿ ಹಿಂಬದಿ ಒಂದೇ ಥರ ಕಾಣುತ್ತದೆ. ನೇಗಿ ನೇಯ್ಗೆಯಂತೆ ಉದ್ದ ಎಳೆ, ಮೆಂತಿ ಗುಣಾಕಾರದ ಗುರುತಿನಂಥ ಅಡ್ಡ ಹೊಲಿಗೆ. ಗಂಟು ಹಾಕುವ ಹಾಗಿಲ್ಲ.

"ಹಿಂದ ಹೊರಳಿಸಿ ತೋರ್ಸವಾ. ಹಿಂದ ಚಂದ ಇದ್ದರ ಮುಂದ ನೋಡೂದ ಬ್ಯಾಡ" ಎನ್ನುತ್ತಿದ್ದರು ವೈನಿ. ಮಗಳು ಸಣ್ಣ ಗೋಪುರವೊಂದನ್ನು ಗವಂತಿಯಲ್ಲಿ ಮುಗಿಸಿ, ಹಿಂದೆ ಮುಂದೆ ತಿರುಗಿಸಿ ತಿರುಗಿಸಿ ನೋಡಿದಳು. ಪುಸ್ತಕದಲ್ಲಿಡುವ ಪಟ್ಟಿಗೆ ಇದಕ್ಕಿಂತ ಹೇಳಿ ಮಾಡಿಸಿದ ಹೊಲಿಗೆ ಇಲ್ಲ, ಯಾವ ಬದಿಯಿಂದ ತೆರೆದರೂ ಸರಿ ಕಾಣುತ್ತದೆ.

ಬದಾಮಿ, ಗುಳೇದಗುಡ್ಡ

ರಟ್ಟಿನ ಬಟ್ಟೆ ಖಣದ್ದೇ ಆಗಬೇಕು ಎಂದು ಮೊದಲೇ ನಿಶ್ಚಯಿಸಿದ್ದೆ. ಧಾರವಾಡದ ಪೇಟೆಯಲ್ಲೂ ಖಣ ಸಿಗುತ್ತದೆ. ಆದರೆ ನೇಯುವ ಕಡೆಗೇ ಹೋಗಿ ತಂದರೆ ಮಕ್ಕಳಿಗೆ ಮಗ್ಗ ತೋರಿಸಿದಂತಾಗುತ್ತದೆ, ದಾರಿಯಲ್ಲಿ ಬದಾಮಿಯೂ ಆಗುತ್ತದೆ.

ಬದಾಮಿ ಗುಹೆಗಳಿಗೆ ಬೇಸಗೆಯಲ್ಲಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಹತ್ತು ಗಂಟೆ ದಾಟಿದರೆ ಆ ಕೆಂಪು ಮರಳುಗಲ್ಲು ಕಾದು ಮೆಟ್ಟಿಲು ಹತ್ತುವುದು ಕಷ್ಟ. ಕೈಯಲ್ಲಿ ತಿಂಡಿ ಚೀಲ ಹಿಡಿಯಬೇಡಿ, ಮಂಗಗಳು ಬಿಡುವುದಿಲ್ಲ. ನಾವು ಮೂರನೆಯ ಗುಹೆಯಲ್ಲಿ ಹೆಚ್ಚು ಹೊತ್ತು ಕಳೆದೆವು. ಚಾಲುಕ್ಯ ಅರಸು ಕೀರ್ತಿವರ್ಮನ ತಮ್ಮ ಮಂಗಳೇಶ ಮಾಡಿಸಿದ ಈ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಚಾವಣಿಯ ಅಂಚಿನಲ್ಲಿ ಆ ಕಾಲದ ಬಣ್ಣದ ಚಿತ್ರಗಳ ಅಳಿದುಳಿದ ಗುರುತು ಇದೆ. ಮಾಸಿಹೋಗಿದೆ, ಕತ್ತು ಎತ್ತಿ ಕಣ್ಣು ಹೊಂದುವ ತನಕ ಕಾಯಬೇಕು. ಕಂಬಗಳ ಮೇಲೆ ದುಂಡು ಪದಕದಂಥ ಕೆತ್ತನೆ, ಅದರೊಳಗೆ ಕಮಲ. ಹುಡುಗ ಕೆಳಗೆ ಕೂತು ಒಂದು ಕಮಲವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ದಳ ಎಣಿಸಿ, ವೃತ್ತ ಭಾಗಿಸಿ, ಅಳಿಸಿ ಮತ್ತೆ ಬರೆದ. ಆ ಕಮಲವೇ ಆಮೇಲೆ ನಮ್ಮ ಪುಸ್ತಕಗಳ ಹೆಸರಿನ ಚೀಟಿಗೆ ಅಂಚಿನ ಚಿತ್ರವಾಯಿತು.

ಗುಳೇದಗುಡ್ಡದ ಓಣಿಗಳಲ್ಲಿ ಮಗ್ಗದ ಸದ್ದು ಕಿವಿಗೆ ಬಿದ್ದ ಮೇಲೆ ದಾರಿ ಕೇಳಬೇಕಿಲ್ಲ. ಕುಪ್ಪಸಕ್ಕೆಂದೇ ನೇಯುವ ಬಟ್ಟೆ ಖಣ. ಉಡಿ ತುಂಬುವಾಗ, ದೇವಿಗೆ ಕೊಡುವಾಗ ಇದೇ ಬೇಕು. ತೇರು, ಆನೆ ಹೆಜ್ಜೆ ಹೀಗೆ ಒಂದೊಂದು ಚಿತ್ರಕ್ಕೂ ಹೆಸರಿದೆ. ಚಿತ್ರ ಮೂಡುವುದು ಹಾಸಿನ ನೂಲಿನಲ್ಲಿ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ಎಳೆಗಳಲ್ಲಿ. ಯಾವ ಎಳೆ ಮೇಲೆ ಏಳಬೇಕು, ಯಾವುದು ಕೆಳಗೆ ಉಳಿಯಬೇಕು ಎಂಬುದು ನೇಯುವ ಮೊದಲೇ ಮಗ್ಗದಲ್ಲಿ ಕೂತಿರುತ್ತದೆ.

ನಾನು ಪುಸ್ತಕಕ್ಕೆ ಹೊದಿಸಲು ಎಂದಾಗ ನೇಕಾರರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಉಡಿಗೆ ಹಾಕೂ ಬಟ್ಟಿ ಐತ್ರಿ ಇದು. ಪುಸ್ತಕಕ್ಕ ಹಾಕ್ತೀವಿ ಅಂದರ ಚಲೋನ ಆತು ಬಿಡ್ರಿ, ಅದೂ ಸರಸ್ವತಿನ ಅಲ್ಲೇನ್ರಿ" ಎಂದರು. ಸಣ್ಣ ಚಿತ್ರದ ಬಟ್ಟೆ ತೆಗೆದುಕೊಳ್ಳಿ, ದೊಡ್ಡದಾದರೆ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗುತ್ತದೆ ಎಂದು ಆರಿಸಿಕೊಟ್ಟವರೂ ಅವರೇ. ರೇಷ್ಮೆ ಹಾಸು, ಹತ್ತಿ ಹೊಕ್ಕಿನ (ಅಡ್ಡ ಎಳೆಯ) ಖಣ ದುಬಾರಿ, ಆದರೆ ಬಾಳಿಕೆ ಚೆನ್ನ. ಕುಪ್ಪಸದ ತುಂಡೊಂದರಲ್ಲಿ ನಮಗೆ ನಾಲ್ಕು ಪುಸ್ತಕ ಆದವು.

ಬಟ್ಟೆಗೆ ಕಾಗದದ ಬೆನ್ನು

ಖಣವನ್ನು ಹಾಗೇ ರಟ್ಟಿಗೆ ಅಂಟಿಸಿದರೆ ಅಂಟು ನೇಯ್ಗೆಯಿಂದ ಮೇಲೆ ಬಂದು ಕಲೆಯಾಗುತ್ತದೆ. ಅದಕ್ಕೆ ಮೊದಲು ಹಿಂಬದಿಗೆ ತೆಳು ಕಾಗದ ಕೂರಿಸಬೇಕು. ಅದಕ್ಕೂ ಮೊದಲು ಬಣ್ಣ ಬಿಡುತ್ತದೆಯೇ ನೋಡಬೇಕು. ಒದ್ದೆ ಬಿಳಿ ಕರವಸ್ತ್ರವನ್ನು ಮೂಲೆಯ ಮೇಲೆ ಒತ್ತಿ ಹಿಡಿದರೆ ತಿಳಿಯುತ್ತದೆ. ನಮ್ಮ ಹಸಿರು ಖಣ ಬಿಡಲಿಲ್ಲ. ಕೆಂಪು ಸ್ವಲ್ಪ ಬಿಟ್ಟಿತು, ಅದಕ್ಕೆ ತೀರಾ ಗಟ್ಟಿ ಅಂಟು, ಕಡಿಮೆ ನೀರು.

ಬಟ್ಟೆಯನ್ನು ಗಾಜಿನ ಮೇಜಿನ ಮೇಲೆ ಮಗುಚಿ ಹಾಸಿ, ಎಳೆಗಳು ಅಡ್ಡಕ್ಕೂ ಉದ್ದಕ್ಕೂ ನೇರ ನಿಲ್ಲುವಂತೆ ಬೆರಳಲ್ಲಿ ಸರಿಪಡಿಸಬೇಕು. ಅಂಟು ಹಚ್ಚುವುದು ಬಟ್ಟೆಗಲ್ಲ, ಕಾಗದಕ್ಕೆ. ಬಟ್ಟೆಗಿಂತ ಎರಡು ಬೆರಳು ದೊಡ್ಡ ಕಾಗದಕ್ಕೆ ಅಂಟು ಸವರಿ, ಇಬ್ಬರು ಎರಡು ತುದಿ ಹಿಡಿದು ನಡುವಿನಿಂದ ಇಳಿಸಿ, ಒಣ ಬ್ರಷ್‌ನಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋಗಬೇಕು. ಹೊರಗೆ ಉಳಿದ ಕಾಗದದ ಅಂಚು ಗಾಜಿಗೆ ಹಿಡಿದುಕೊಳ್ಳುತ್ತದೆ. ಒಣಗುವಾಗ ಅದೇ ಬಟ್ಟೆಯನ್ನು ತಂಬಟೆಯ ಚರ್ಮದಂತೆ ಬಿಗಿಯಾಗಿ ಎಳೆದು ಹಿಡಿಯುತ್ತದೆ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಂಚು ಕೊಯ್ದು ಎಬ್ಬಿಸಿದರೆ ಖಣ ಗರಿಗರಿ ಹಾಳೆಯಾಗಿ ಕೈಗೆ ಬರುತ್ತದೆ. ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ.

ರಟ್ಟು ಕಟ್ಟುವುದು

ಎರಡು ಮಿಲಿಮೀಟರ್ ದಪ್ಪದ ಬೋರ್ಡ್. ನಮ್ಮ ಪುಸ್ತಕದ ಹಾಳೆ 21.2 ಸೆಂಟಿಮೀಟರ್ ಎತ್ತರ, 13.8 ಅಗಲ, ದಪ್ಪ 2. ಮೂರು ಬದಿಗೂ ರಟ್ಟು 3 ಮಿಲಿಮೀಟರ್ ಹೊರಗೆ ಇರಬೇಕು. ಬೆನ್ನಿನ ಪಟ್ಟಿಗೂ ರಟ್ಟಿಗೂ ನಡುವೆ ಬಾಗಲು 7 ಮಿಲಿಮೀಟರ್ ಸಂದು. ಹೀಗೆ ಲೆಕ್ಕ ಹಾಕಿದರೆ ರಟ್ಟು 21.8 ಎತ್ತರ, 13.4 ಅಗಲ. ಬೆನ್ನಿನ ಪಟ್ಟಿ 2.4 ಅಗಲ. ಸುತ್ತ 2 ಸೆಂಟಿಮೀಟರ್ ಮಡಿಕೆ ಬಿಟ್ಟು ಬಟ್ಟೆ 34.6 ಅಗಲ, 25.8 ಎತ್ತರ. ಹುಡುಗನಿಗೆ ಈ ಲೆಕ್ಕ ಒಪ್ಪಿಸಿದ್ದೆ, ದಶಾಂಶ ಕೂಡುವುದರಲ್ಲಿ ಅವನಿಗೆ ಈ ಸೂಟಿಯಲ್ಲಿ ಒಳ್ಳೆಯ ಪಾಠವಾಯಿತು.

ಪುಸ್ತಕವನ್ನು ರಟ್ಟಿಗೆ ಸೇರಿಸಲು ರಟ್ಟಿನ ಒಳಬದಿಗೆ ಅಂಟಿಸುವ ರಕ್ಷಾಹಾಳೆ ಕತ್ತರಿಸುವ ಮೊದಲು ಕಾಗದದ ನಾರು ಯಾವ ದಿಕ್ಕಿಗಿದೆ ನೋಡಿಕೊಳ್ಳಬೇಕು. ಸಣ್ಣ ಚೌಕವನ್ನು ಕತ್ತರಿಸಿ ಒಂದು ಬದಿಗೆ ನೀರು ಸವರಿದರೆ ಅದು ತಾನೇ ಸುರುಳಿಯಾಗುತ್ತದೆ. ಸುರುಳಿ ಕೊಳವೆಯ ಉದ್ದವೇ ನಾರಿನ ದಿಕ್ಕು. ಆ ದಿಕ್ಕು ಬೆನ್ನಿಗೆ ಸಮಾನಾಂತರ ಇರಬೇಕು. ಅಡ್ಡ ಇಟ್ಟರೆ ಅಂಟಿನ ತೇವಕ್ಕೆ ಕಾಗದ ಎತ್ತರದ ಕಡೆ ಹಿಗ್ಗಿ, ಬೆನ್ನಿನ ಉದ್ದಕ್ಕೂ ಸುಕ್ಕು ಬೀಳುತ್ತದೆ. ಬೋರ್ಡಿಗೂ ಇದೇ ನಿಯಮ.

ಮೂಲೆಯ ಬಟ್ಟೆಯನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಯಿಂದ ಅದರ ದಪ್ಪದ ಒಂದೂವರೆ ಪಟ್ಟು ಬಿಡಬೇಕು. ಉದ್ದದ ಬದಿ ಮೊದಲು ಮಡಿಚಿ, ಮೂಲೆಯಲ್ಲಿ ಉಳಿದ ಸಣ್ಣ ಕಿವಿಯನ್ನು ಉಗುರಿನಿಂದ ಒಳಗೆ ಒತ್ತಿ, ಆಮೇಲೆ ಅಡ್ಡ ಬದಿ ಮಡಿಚಿದರೆ ರಟ್ಟು ಎಲ್ಲೂ ಇಣುಕುವುದಿಲ್ಲ.

ಕೊನೆಗೆ ಬ್ಯಾಂಡೇಜ್ ಬಟ್ಟೆ, ಲಾಡಿಯ ತುದಿ, ರಕ್ಷಾಹಾಳೆ ಮೂರಕ್ಕೂ ಅಂಟು ಹಚ್ಚಿ ರಟ್ಟು ಮುಚ್ಚುವುದು. ಮುಚ್ಚಿದ ಮೇಲೆ ತೆರೆದು ನೋಡುವ ಆಸೆ ತಡೆಯಬೇಕು. ಸಂದಿನಲ್ಲಿ ಎರಡೂ ಕಡೆ ಹೆಣಿಗೆ ಕಡ್ಡಿ ಇಟ್ಟು, ಎರಡು ಹಲಗೆಯ ನಡುವೆ ಪುಸ್ತಕ ಮಲಗಿಸಿ, ಮೇಲೆ ಕಡಪಾ ಕಲ್ಲು ಹೇರಿದೆವು. ಹಸಿ ರಕ್ಷಾಹಾಳೆಗೂ ಒಳಹಾಳೆಗೂ ನಡುವೆ ಪ್ಲಾಸ್ಟಿಕ್ ಹಾಳೆ ಇಡುವುದು ಮರೆಯಬಾರದು.

ಇಲ್ಲಿ ಹವಾಮಾನದ ಮಾತು ಹೇಳಲೇಬೇಕು. ಏಪ್ರಿಲ್‌ನ ಒಣ ಬಿಸಿಲಿಗೆ ಹೊರಗಿನ ಬಟ್ಟೆ ಬೇಗ ಒಣಗಿ ರಟ್ಟನ್ನು ತನ್ನ ಕಡೆ ಬಗ್ಗಿಸುತ್ತದೆ. ಒಳಗಿನ ರಕ್ಷಾಹಾಳೆ ಒಣಗುತ್ತಾ ಅದನ್ನು ವಾಪಸ್ ಎಳೆಯುತ್ತದೆ. ಎರಡೂ ಎಳೆತ ಸಮ ಆಗುವವರೆಗೆ ಭಾರ ತೆಗೆಯಬಾರದು. ನಾವು ಎರಡು ರಾತ್ರಿ ಬಿಟ್ಟೆವು. ಮೇ ತಿಂಗಳ ಅಡ್ಡಮಳೆ ಶುರುವಾದ ಮೇಲೆ ಮೂರು ರಾತ್ರಿ ಬೇಕಾಯಿತು.

ಮಳೆಗಾಲಕ್ಕೆ ಮುಂಚೆ

ಮುಗಿದ ಪುಸ್ತಕಗಳನ್ನು ಗೋಡೆಗೆ ತಾಗದಂತೆ ಎರಡು ಬೆರಳು ಜಾಗ ಬಿಟ್ಟು ಕಪಾಟಿನಲ್ಲಿ ನಿಲ್ಲಿಸಿದ್ದೇವೆ. ಜೂನ್ ಬಂತೆಂದರೆ ಧಾರವಾಡದ ಗೋಡೆಗಳು ತೇವ ಹಿಡಿಯುತ್ತವೆ, ಮೈದಾ ಅಂಟಿಗೆ ಬೂಸು ಬರುವುದು ಆಗಲೇ. ಹಿಂದಿನವರು ತಾಳೆಗರಿ ಕಟ್ಟಿನ ಜೊತೆ ಬಜೆ ಇಡುತ್ತಿದ್ದರು. ನಾವೂ ಬಜೆಯ ತುಂಡುಗಳನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಮೂಲೆಗಳಲ್ಲಿ ಇಟ್ಟಿದ್ದೇವೆ. ಬಿಸಿಲು ಬಿದ್ದ ದಿನ ಕಪಾಟಿನ ಬಾಗಿಲು ತೆರೆದು ಗಾಳಿಯಾಡಿಸಬೇಕು, ಪುಸ್ತಕವನ್ನು ನೇರ ಬಿಸಿಲಿಗೆ ಇಡಬಾರದು, ಖಣದ ಬಣ್ಣ ಮಾಸುತ್ತದೆ.

ಹೆಚ್ಚು ದಪ್ಪದ ಎರಡು ಪುಸ್ತಕ ಇನ್ನೂ ಉಳಿದಿವೆ. ಅವಕ್ಕೆ ಚಪ್ಪಟೆ ಬೆನ್ನು ಸಾಲದು, ಸುತ್ತಿಗೆಯಿಂದ ತಟ್ಟಿ ಬೆನ್ನನ್ನು ದುಂಡಗೆ ಮಾಡಬೇಕು. ಅವುಗಳ ಫಾರಂಗಳನ್ನು ಬಿಡಿಸಿ, ದಾರದಲ್ಲಿ ಸಡಿಲಾಗಿ ಕಟ್ಟಿ ಇಟ್ಟಿದ್ದೇನೆ. ಹುಡುಗ ಊರಿಗೆ ಹೋಗುವಾಗ ಮೊದಲ ಪುಸ್ತಕದ ಒಂದರಿಂದ ಐದನೆಯ ಫಾರಂವರೆಗೆ ಚೀಲದಲ್ಲಿ ಹಾಕಿಕೊಂಡು ಹೋಗಿದ್ದಾನೆ. ದಸರಾ ಸೂಟಿಗೆ ಬಂದಾಗ ವಾಪಸ್ ತರಬೇಕು, ಆರನೆಯದು ಇಲ್ಲಿದೆ.